ನಿವ್ವಳ ತೂಕ

ಚಿಂತಾಮಣಿ, ಎಣ್ಣೆಗಾಣದ ಹಿಂದಿನ ಬೀದಿ.
ನಮ್ಮ ಅಡುಗೆಮನೆಗೆ ಮೂರು ಗಾಳಿಕಿಂಡಿ,
ಮೂರಕ್ಕೂ ತಗಡು.
ಮಾವ ಗಾಣದಲ್ಲಿ ದುಡಿಯುವಾಗ
ಕಡಲೆಕಾಯಿ ಎಣ್ಣೆಯ ಡಬ್ಬ ಸೀಳಿ, ಬಡಿದು ಚಪ್ಪಟೆ ಮಾಡಿ
ಮೊಳೆಯಲ್ಲಿ ತೂತು ಹೊಡೆದು ಕೂರಿಸಿದ್ದು.
ಸಾಲಿಗೆ ಹನ್ನೊಂದು ತೂತು, ಏಳು ಸಾಲು.
ಎಣಿಸಿದ್ದೀನಿ,
ಮದುವೆಯಾಗಿ ಬಂದ ಹೊಸತರಲ್ಲಿ,
ಮಾತಿಗೆ ಯಾರೂ ಸಿಗದ ಹೊತ್ತಲ್ಲಿ.

ಕಿಂಡಿಗೆ ಎಪ್ಪತ್ತೇಳು ಬಿಸಿಲಕಾಸು
ಬೆಳಿಗ್ಗೆ ಪಡುವಣ ಗೋಡೆಗೆ ಬೀಳುತ್ತಿದ್ದವು.
ಕ್ಯಾಲೆಂಡರಿನ ಮೊಳೆ ಮೇಲಿದ್ದರೆ ಎಂಟು,
ಉಪ್ಪಿನ ಜಾಡಿಗೆ ಇಳಿದರೆ ಇಸ್ಕೂಲಿನ ಗಂಟೆ,
ಒರಳಿನ ಅಂಚು ಮುಟ್ಟಿತೋ
ಮೆಣಸಿನಕಾಯಿ ಹುರಿಯಲು ಕೂರಬೇಕು.
ಅತ್ತೆ ಮುನಿವೆಂಕಟಮ್ಮ
ಗಡಿಯಾರ ನೋಡಿದವಳೇ ಅಲ್ಲ.

ಸಾರಿನ ಪುಡಿ ವ್ಯಾಪಾರ ನನ್ನದು.
ಹೋದ ವರ್ಷ ಕೈಯಲ್ಲಿ ನಾಲ್ಕು ಕಾಸು ಉಳಿಯಿತು.
ಓಲೆ ಮಾಡಿಸ್ಕೋ ಅಂದ ಗಂಡ ಗಂಗುಲಪ್ಪ.
ಕಿಂಡಿಗೆ ಮರ ಹಾಕಿಸ್ತೀನಿ, ಕೆತ್ತಿದ್ದು, ಅಂದೆ.
ನೋಡಿದ,
ಸಾರಿಗೆ ಸಕ್ಕರೆ ಸುರಿದವಳನ್ನು ನೋಡುವ ಹಾಗೆ.

ಬ್ರಹ್ಮಯ್ಯಾಚಾರಿಯ ಅಂಗಡಿಯಲ್ಲಿ
ಯಾರದೋ ಮನೆ ಕೆಡವಿದಾಗ ತಂದ ಹೊನ್ನೆ ತೊಲೆಯೊಂದಿತ್ತು.
ಏನು ಬಿಡಿಸಲಿ ಅಂದ.
ಬಾಗಿಲಾದರೆ ಲಕ್ಷ್ಮಿ, ತೊಟ್ಟಿಲಾದರೆ ಗಿಣಿ,
ಹೊಗೆ ಹೋಗುವ ದಾರಿಗೆ ಏನು ಬಿಡಿಸಬೇಕೆಂದು
ಅವನಪ್ಪ ಹೇಳಿಕೊಟ್ಟಿರಲಿಲ್ಲ.
ಮೆಣಸಿನ ಹೂ ಅಂದೆ.
ಯಾರೂ ಮುಡಿಯದ ಹೂ,
ತಲೆ ಬಗ್ಗಿಸಿಕೊಂಡೇ ಅರಳುವುದು.
ಅವನ ಹಲಗೆ ಮೇಲೆ ಸೀಮೆಸುಣ್ಣದಲ್ಲಿ
ನಾನೇ ಬರೆದು ತೋರಿಸಿದೆ.

ತಗಡು ಕಿತ್ತ ದಿನ
ಒಳಮೈಯ ಮಸಿ ಒರೆಸಿದರೆ ಹಸಿರು ಅಕ್ಷರ:
ನಿವ್ವಳ ತೂಕ ೧೫ ಕೆಜಿ.
ಹತ್ತೊಂಬತ್ತು ವರ್ಷ ನನ್ನ ಕಡೆಗೇ ಮುಖ ಮಾಡಿಕೊಂಡಿತ್ತು.
ಪಕ್ಕದಲ್ಲಿ ಮೊಳೆಯಿಂದ ಗೀರಿದ ನಾಲ್ಕು ಗೆರೆ, ಮೇಲೊಂದು ಅಡ್ಡಗೆರೆ.
ಏನು ಎಣಿಸಿಕೊಂಡಿದ್ದನೋ ಮಾವ.
ಅತ್ತೆಯನ್ನು ಕೇಳಿದೆ.
ಸೆರಗಿನಲ್ಲಿ ಇನ್ನೊಂದು ಸಲ ಒರೆಸಿದಳು, ಹೇಳಲಿಲ್ಲ.

ಮರದ ಜಾಲರಿ ಏರಿತು.
ಮಾರನೆ ಬೆಳಿಗ್ಗೆ ಗೋಡೆ ತುಂಬ ಹೂ.
ಕೈ ಒಡ್ಡಿದೆ, ಒಂದು ಅಂಗೈಗೆ ಬಿತ್ತು,
ಬಳೆ ದಾಟಿ ಮೊಣಕೈಗೆ ಜಾರಿತು.
ಬೀದಿಯ ಹೆಂಗಸರು ಬಂದು ನೋಡಿ ಹೋದರು.

ಆಮೇಲೆ ಮೆಣಸಿನಕಾಯಿ ಹುರಿದೆ.
ಘಾಟು ಮೇಲೇರಿ, ಹೂವಿಗೆ ಹಣೆ ಚಚ್ಚಿಕೊಂಡು
ಹಾಗೇ ವಾಪಸು ಬಂತು.
ನಾನು, ಅತ್ತೆ, ಬೆಕ್ಕು,
ಮೂವರೂ ಬೀದಿಯಲ್ಲಿ.
"ಪೂಲು ಪೊಗ ತಿಂಟಾಯಾ?" ಅಂದಳು ಅತ್ತೆ,
ಕೆಮ್ಮಿನ ಸಂದಿಯಲ್ಲಿ.
ನಿಜ, ಹೂವು ಹೊಗೆ ತಿನ್ನಲಿಲ್ಲ.

ಎಸಳಿಗೆ ಉಳಿ ಇಡಲ್ಲ ಎಂದು ಹೇಳಿಕಳಿಸಿದ ಆಚಾರಿ.
ಮೂರನೇ ದಿನ ತಾನೇ ಬಂದ,
ಕಾಲು ಕೆಜಿ ಪುಡಿಯ ನೆಪ.
ಹುರಿಯಮ್ಮಾ ನೋಡೋಣ ಅಂದ. ಹುರಿದೆ.
ಓಡಲಿಲ್ಲ.
ಕಣ್ಣು ಮೂಗು ಒಂದಾಗಿ ಸುರಿಯುತ್ತಿದ್ದರೂ
ಹೊಗೆ ಎಲ್ಲೆಲ್ಲಿ ತಡವರಿಸುತ್ತದೆ ಎಂದು
ನೋಡುತ್ತಲೇ ನಿಂತ.
ಏಣಿ ಹತ್ತಿ ನಡುವಿನ ಜಾಲರಿಯಿಂದ
ಐದು ಹೂ ಬಿಡಿಸಿದ, ತೊಟ್ಟು ಉಳಿಸಿದ.
"ಕಾಯಿ ಕಚ್ಚಿದ ಮೇಲೆ ಹೂ ಇರಲ್ವಲ್ಲಮ್ಮಾ," ಅಂದ
ಇಳಿಯುತ್ತಾ, ಯಾರಿಗೋ ಸಮಾಧಾನ ಹೇಳುವಂತೆ.

ಮೂರನೇ ಕಿಂಡಿ ಒರಳಿನ ನೇರಕ್ಕಿದೆ.
ಅದಕ್ಕೆ ತಗಡೇ ಇರಲಿ ಅಂದಳು ಅತ್ತೆ.
ಇರಲಿ ಅಂದೆ.
ಅಕ್ಷರ ಒಳಗೇ ಇರುವ ಹಾಗೆ ಕೂರಿಸಿದೆವು.
ಗಾಳಿ ಬೀಸಿದ ರಾತ್ರಿ ಮತ್ತೆ ಪಟಪಟ,
ಗಂಗುಲಪ್ಪನಿಗೆ ಮತ್ತೆ ನಿದ್ದೆ.

ಮಿಕ್ಕ ಒಂದು ಜಾಲರಿ ತಾರಸಿ ಮೇಲಿದೆ,
ನಾಲ್ಕು ಇಟ್ಟಿಗೆ ಮೇಲೆ ಅಂಗಾತ.
ಒದ್ದೆ ಬಟ್ಟೆ ಹಾಸಿ ಕೊತ್ತಂಬರಿಬೀಜ ಹರಡುತ್ತೀನಿ.
ಕೆಳಗಿನಿಂದಲೂ ಗಾಳಿ ಆಡುತ್ತದಲ್ಲ,
ಬೇಗ ಒಣಗುತ್ತೆ.